ಎಲೆಅಡಿಕೆ ಸಂಚಿಯಲ್ಲಿ ಏಳು ದಿನ

ಬೆಳಗಿನ ಆರೂವರೆ. ಚೆಟ್ಟಳ್ಳಿಯಿಂದ ಮೂರು ಕಿಲೋಮೀಟರು ಒಳಗೆ, ಕಾಫಿ ತೋಟವೊಂದರ ಲೈನಿನ ಮುಂದೆ ಯಮುನ ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಾರೆ. ಲೈನು ಎಂದರೆ ತೋಟದ ಕೂಲಿಯವರ ಹಂಚಿನ ಮಾಡಿನ ಹದಿನಾಲ್ಕು ಮನೆಗಳ ಸಾಲು. ಹಂಚಿನ ಸಂದಿಯಿಂದ ಏಳುವ ಒಲೆಯ ಹೊಗೆ ಮಂಜಿನೊಳಗೆ ಸೇರಿಹೋಗುತ್ತಿದೆ. ನಲ್ಲಿಯ ಹತ್ತಿರ ಕೊಡಗಳ ಸದ್ದು, ಯಾರದೋ ಮನೆಯಲ್ಲಿ ಮಗುವಿನ ಕೆಮ್ಮು, ಇನ್ಯಾರದೋ ಮನೆಯಲ್ಲಿ ಮೊಬೈಲಿನ ಹಾಡು. ಕೂಲಿಯವರ ಹಾಜರಿ ಕೂಗುವ ಮಸ್ಟರಿಗೆ ಇನ್ನು ಒಂದು ಗಂಟೆ ಇದೆ. ಯಮುನ ಹಿಂದಿನ ಸಂಜೆಯೇ ಬಂದು ಚೆಟ್ಟಳ್ಳಿಯ ನೆಂಟರ ಮನೆಯಲ್ಲಿ ಉಳಿದಿದ್ದರು. ಬೆಳಕು ಬಿಡುವ ಮೊದಲು ಈ ದಾರಿಯಲ್ಲಿ ಯಾರೂ ನಡೆಯುವುದಿಲ್ಲ, ಆನೆ ಇರುತ್ತದೆ. ಹಾಲಿನ ಗಾಡಿ ಹತ್ತಿ ಬಂದಿದ್ದಾರೆ.

ತೊಡೆಯ ಮೇಲೊಂದು ಟ್ಯಾಬು. ಪಕ್ಕದಲ್ಲಿ ಒಂದು ಖಾಲಿ ಸ್ಟೀಲು ಬುತ್ತಿ. ಬೆಂಕಿಪೊಟ್ಟಣದಷ್ಟು ದೊಡ್ಡ ಹನ್ನೆರಡು ಕಪ್ಪು ಯಂತ್ರಗಳು ಈ ಬೆಳಿಗ್ಗೆ ಅದರೊಳಗೆ ಬಂದು ಸೇರಬೇಕು. ಸೊಂಟದ ಬಳಿ ಇಟ್ಟುಕೊಂಡವರು ಎಷ್ಟು ಹೊತ್ತು ನಡೆದರು, ಎಷ್ಟು ಹೊತ್ತು ಕೂತರು ಎಂದು ನಿಮಿಷ ನಿಮಿಷಕ್ಕೆ ಬರೆದಿಟ್ಟುಕೊಳ್ಳುವ ಯಂತ್ರ. ಲೈನಿನವರ ಬಾಯಲ್ಲಿ ಅದು ಬರೀ ‘ಡಬ್ಬಿ’. ಯಮುನ ‘ಡಬ್ಬಿ ಅಕ್ಕ’.

"ಒಬ್ಬೊಬ್ರೇ ಬನ್ನಿ. ಎಲ್ಲ ಒಟ್ಟಿಗೆ ಕೊಟ್ರೆ ಯಾರದ್ದು ಯಾರದ್ದೋ ಆಗ್ತದೆ" ಎನ್ನುತ್ತಾರೆ ಯಮುನ.

"ಆದ್ರೆ ಎಂಥ ಅಕ್ಕ? ನನ್ನ ನಡಿಗೆ ತುಳಸಿಗೆ ಹೋಗ್ತದಾ?" ಇದು ಪುಟ್ಟ. ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸದವರು.

"ಹೋದ್ರೆ ನಿಂಗೇ ಲಾಭ ಮಾರಾಯ. ನೀನು ಕೂತದ್ದೆಲ್ಲ ನನ್ನ ತಲೆಗೆ ಬರ್ತದೆ" ಎಂದು ಮನೆಯೊಳಗಿನಿಂದ ತುಳಸಿಯ ಉತ್ತರ ಬರುತ್ತದೆ. ನಲ್ಲಿಯ ಹತ್ತಿರ ನಗು.

ಯಮುನ ನಗುವುದಿಲ್ಲ. ಈ ಹನ್ನೆರಡರಲ್ಲಿ ಹತ್ತು ಡಬ್ಬಿಗಳಾದರೂ ಏಳು ದಿನವೂ ಪೂರ್ತಿ ತುಂಬಿರಬೇಕು. ಒಂಬತ್ತೇ ಬಂದರೆ ದೇಶದ ಜನ ಎಷ್ಟು ಮೈಬಗ್ಗಿಸುತ್ತಾರೆ, ಎಷ್ಟು ಜಡವಾಗಿ ಕೂರುತ್ತಾರೆ ಎಂದು ಅಳೆಯುವ ರಾಷ್ಟ್ರೀಯ ಸಮೀಕ್ಷೆಯಿಂದ ಈ ಲೈನು ಇವತ್ತಿಗೆ ಹೊರಬೀಳುತ್ತದೆ. ಈ ಸುತ್ತಿನಲ್ಲಿ ಜಿಲ್ಲೆಯಲ್ಲಿ ಡಬ್ಬಿ ಕಟ್ಟಿದ ಲೈನು ಇದೊಂದೇ. ಇದು ಬಿದ್ದರೆ ಕೊಡಗಿನ ಕಾಫಿ ಕೊಯ್ಯುವವರು ಯಾರೂ ಆ ಲೆಕ್ಕದಲ್ಲಿ ಇರುವುದಿಲ್ಲ. ಈಗಾಗಲೇ ಒಮ್ಮೆ ಹಾಳಾದ ಕೆಲಸ ಇದು. ಹಾಳಾದದ್ದು ತನ್ನಿಂದಲೇ ಎಂದು ಯಮುನ ಯಾರು ಕೇಳಿದರೂ ಹೇಳುತ್ತಾರೆ.

ಯಮುನ ಅವರ ಊರು ಗಾಳಿಬೀಡು. ವಯಸ್ಸು ನಲವತ್ತಾರು. ಗಂಡ ಕುಶಾಲಪ್ಪ ಕಾಫಿ ಬೆಳೆಗಾರರು. ಇದ್ದದ್ದು ಮೂರು ಎಕರೆ. ಎರಡು ಸಾವಿರದ ಹದಿನೆಂಟರ ಮಳೆಗಾಲದಲ್ಲಿ ಗುಡ್ಡ ಜರಿದು ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಳೆಗೆ ಹೋಯಿತು. ಮರುವರ್ಷ ಸಮೀಕ್ಷೆಗೆ ಜನ ಬೇಕೆಂಬ ಸುದ್ದಿ ಕೇಳಿ ಯಮುನ ಅರ್ಜಿ ಹಾಕಿದರು. ಪಿಯುಸಿ ಓದಿದ್ದರು. ಕನ್ನಡದ ಜೊತೆಗೆ ಮನೆಯ ಅರೆಭಾಷೆ, ಸಂತೆಯಲ್ಲಿ ಕಲಿತ ಮಲಯಾಳ, ನೆರೆಯವರಿಂದ ಬಂದ ಕೊಡವ ಮಾತು, ತೋಟದಲ್ಲಿ ಕಿವಿಗೆ ಬಿದ್ದ ತಮಿಳು ಬರುತ್ತಿತ್ತು. "ಸಂದರ್ಶನದಲ್ಲಿ ಸರ್ಟಿಫಿಕೇಟು ಯಾರೂ ಸರಿ ನೋಡ್ಲೇ ಇಲ್ಲ. ಬಾಗಿಲು ತಟ್ಟಿದ ಮೇಲೆ ಎಂಥ ಹೇಳ್ತೀರಿ ಅಂತ ಕೇಳಿದ್ರು. ಮೊದ್ಲು ನಾಯಿ ಕಟ್ಟಿ ಅಂತ ಹೇಳ್ತೇನೆ ಅಂದೆ. ತಗೊಂಡ್ರು" ಎಂದು ನೆನೆಯುತ್ತಾರೆ.

ಏಳು ವರ್ಷದಲ್ಲಿ ಇದು ಮೂರನೆಯ ಸುತ್ತು. ಒಂದು ಮನೆಗೆ ತೊಂಬತ್ತಾರು ಪ್ರಶ್ನೆ, ಒಂದು ಗಂಟೆ ಹತ್ತು ನಿಮಿಷ. ದಿನಕ್ಕೆ ನಾಲ್ಕು ಮನೆ ಮುಗಿದರೆ ಒಳ್ಳೆಯ ದಿನ. ತೋಟದ ಮನೆಗಳು ಒಂದಕ್ಕೊಂದು ದೂರ. ನಾಲ್ಕು ಮನೆಗೆ ಎಂಟೊಂಬತ್ತು ಕಿಲೋಮೀಟರು ನಡಿಗೆ ಆಗುತ್ತದೆ. ಗಾಳಿಬೀಡಿನ ಬಸ್ಸು ಹಿಡಿದು ಮಡಿಕೇರಿ, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಕಾಲು. ಚೀಲದಲ್ಲಿ ಎತ್ತರ ಅಳೆಯುವ ಕೋಲು, ತೂಕದ ಯಂತ್ರ, ಟ್ಯಾಬು, ಉಪ್ಪು ಮತ್ತು ಸುಣ್ಣ. ಉಪ್ಪು ಸುಣ್ಣ ಜಿಗಣೆಗೆ.

ಕಾಗದದ ಪ್ರಶ್ನೆ ಸುಲಭ: ‘ಕಳೆದ ವಾರ ನೀವು ಎಷ್ಟು ಹೊತ್ತು ದೈಹಿಕ ಚಟುವಟಿಕೆ ಮಾಡಿದಿರಿ?’ ಉತ್ತರ ಕಷ್ಟ. ಮೊದಲ ಸುತ್ತಿನಲ್ಲಿ ಹತ್ತರಲ್ಲಿ ಎಂಟು ಹೆಂಗಸರು ‘ಎಂಥದೂ ಮಾಡ್ಲಿಲ್ಲ, ಮನೇಲೇ ಇದ್ದೆ’ ಎಂದರು. ಹಾಗೆ ಹೇಳುವಾಗಲೇ ಅವರ ಸೊಂಟದಲ್ಲಿ ಸೌದೆಯ ಹೊರೆ ಕಟ್ಟಿದ ಹಗ್ಗ ಇರುತ್ತಿತ್ತು. ಯಮುನ ಪ್ರಶ್ನೆಯನ್ನು ಬದಲಿಸುವಂತಿಲ್ಲ, ಆದರೆ ಪ್ರಶ್ನೆಗೆ ಮುಂಚೆ ಮಾತಾಡಬಹುದು. "ನಿನ್ನೆ ಎದ್ದ ಮೇಲೆ ಮೊದ್ಲು ಎಂಥ ಮಾಡಿದ್ರಿ ಅಂತ ಸುರು ಮಾಡ್ತೇನೆ. ನೀರು ಎಲ್ಲಿಂದ ತಂದ್ರಿ, ಎಷ್ಟು ಕೊಡ, ಏರು ಉಂಟಾ. ಅರ್ಧ ದಿನಕ್ಕೆ ಬರುವಾಗ ಅವ್ರಿಗೇ ಆಶ್ಚರ್ಯ ಆಗ್ತದೆ. ‘ಅಯ್ಯೋ, ನಾನು ಇಷ್ಟು ಮಾಡ್ತೇನಾ!’ ಅಂತಾರೆ."

ಗಂಡಸರದು ಇದಕ್ಕೆ ತಿರುವುಮುರುವು. ಮೂರು ಫರ್ಲಾಂಗು ದೂರದ ಅಂಗಡಿಗೂ ಸ್ಕೂಟರು ಹತ್ತುವವರು ಎದೆ ಸೆಟೆಸಿ ‘ನಾವು ಗುಡ್ಡದವರು, ನಮ್ಗೆ ವ್ಯಾಯಾಮ ಯಾಕೆ’ ಎನ್ನುತ್ತಾರೆ. ಅವರ ರಕ್ತದೊತ್ತಡ ನೋಡುವ ಕೆಲಸವೂ ಯಮುನ ಅವರದೇ. ಅಂಕಿ ಕಂಡಾಗ ಗುಡ್ಡದವರ ಮುಖ ಸಪ್ಪಗಾಗುತ್ತದೆ.

‘ಏಕೆ ನಡೆಯುವುದಿಲ್ಲ?’ ಎಂಬ ಪ್ರಶ್ನೆಯೂ ಒಂದಿದೆ. ಸಮಯ ಇಲ್ಲ, ಆರೋಗ್ಯ ಇಲ್ಲ, ಜಾಗ ಇಲ್ಲ ಎಂದು ಉತ್ತರಗಳಿಗೆ ಒಂದೊಂದು ಸಂಖ್ಯೆ. ಎರಡನೆಯ ಸುತ್ತಿನಲ್ಲಿ ಯಮುನ ಮೂವತ್ತೊಂದು ಮನೆಗಳಲ್ಲಿ ‘ಇತರೆ’ ಎಂಬ ಕಡೆ ‘ಆನೆ’ ಎಂದು ಬರೆದು ಕಳಿಸಿದರು. ಮೈಸೂರಿನ ಕಚೇರಿಯಿಂದ ಫೋನು ಬಂತು, ‘ಏನಮ್ಮ ಇದು ತಮಾಷೆ?’ ಎಂದು. "ಸರ್, ಸಂಜೆ ಐದರ ಮೇಲೆ ನೀವೇ ಬಂದು ಒಂದು ವಾಕಿಂಗ್ ಹೋಗಿ ನೋಡಿ ಅಂದೆ." ಈ ಸುತ್ತಿನ ಪಟ್ಟಿಯಲ್ಲಿ ಕಾಡುಪ್ರಾಣಿಯ ಭಯಕ್ಕೆ ಒಂದು ಸಂಖ್ಯೆ ಬಂದಿದೆ. ಆ ಮೂವತ್ತೊಂದು ಮನೆಗಳ ಊರಿನಲ್ಲಿ, ಶಾಲೆಯ ಬೇಲಿಯೊಳಗಿನ ಮೈದಾನವನ್ನು ಸಂಜೆ ನಾಲ್ಕರಿಂದ ಆರರವರೆಗೆ ಊರವರಿಗೆ ಬಿಡುತ್ತಾರೆ. ಸಕ್ಕರೆ ಕಾಯಿಲೆಯ ಹತ್ತಿಪ್ಪತ್ತು ಹೆಂಗಸರು ಅಲ್ಲಿ ಸುತ್ತು ಹಾಕುತ್ತಾರೆ. ಪಂಚಾಯ್ತಿಯ ಸಭೆಗೆ ಹೋಗಿ ಗೇಟಿನ ಬೀಗದ ಕೈ ಕೇಳಿದ್ದು ಯಮುನ. ಅದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಇಷ್ಟೆಲ್ಲ ಬಲ್ಲವರು ಡಬ್ಬಿಯ ವಿಷಯದಲ್ಲಿ ಎಡವಿದ್ದು ಹೀಗೆ.

ಬಾಯಿಮಾತಿನ ಉತ್ತರ ಸಾಲದು, ಕೆಲವರಿಗಾದರೂ ಯಂತ್ರ ಕಟ್ಟಿ ನೋಡಬೇಕು ಎಂದು ಈ ಸುತ್ತಿನಲ್ಲಿ ತೀರ್ಮಾನವಾಯಿತು. ಚೀಟಿ ಎತ್ತಿದಾಗ ಈ ಲೈನಿನ ಹನ್ನೊಂದು ಜನರ ಹೆಸರು ಬಂತು, ಹನ್ನೆರಡನೆಯದು ತೋಟದ ಸಾವ್ಕಾರ್ರಾದ ಮೊಣ್ಣಪ್ಪನವರದು. ಜನವರಿ ಮೊದಲ ವಾರ ಯಮುನ ಎಲ್ಲರ ಸೊಂಟಕ್ಕೂ ಬೆಲ್ಟು ಕಟ್ಟಿ, "ಬೆಲೆಬಾಳುವ ಸಾಮಾನು, ಜೋಪಾನ" ಎಂದು ಮೂರು ಮೂರು ಸಲ ಹೇಳಿದರು.

ಲೈನಿನವರು ಜೋಪಾನ ಮಾಡಿದರು. ಕಾಫಿ ಕೊಯ್ಯಲು ಹೊರಡುವ ಹೆಂಗಸು ಮೊದಲು ಮಾಡುವ ಕೆಲಸವೇ ಕೈಗಡಿಯಾರ, ಓಲೆ, ಗಾಜಿನ ಬಳೆ ಬಿಚ್ಚಿ ತಗಡಿನ ಪೆಟ್ಟಿಗೆಯಲ್ಲಿಡುವುದು. ಆಮೇಲೆ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ, ಸೊಂಟಕ್ಕೆ ಗೋಣಿ. ಗಿಡದ ಅಂಟು, ಕೆಂಪಿರುವೆ, ಇಬ್ಬನಿ ಇವುಗಳ ನಡುವೆ ಬೆಲೆಬಾಳುವ ಸಾಮಾನು ಕಟ್ಟಿಕೊಂಡು ಹೋಗುವ ಮೂರ್ಖರು ಯಾರಿದ್ದಾರೆ? ಡಬ್ಬಿಯೂ ಪೆಟ್ಟಿಗೆ ಸೇರಿತು. ಸಂಜೆ ಸ್ನಾನ ಮಾಡಿ ಒಳ್ಳೆಯ ಬಟ್ಟೆ ಉಟ್ಟ ಮೇಲೆ ಹೊರಗೆ ಬಂತು. ಭಾನುವಾರ ಸಿದ್ದಾಪುರದ ಸಂತೆಗೆ ಎಲ್ಲರೂ ಡಬ್ಬಿ ಕಟ್ಟಿಕೊಂಡೇ ಹೋದರು.

ಫೆಬ್ರವರಿ ಮೊದಲಿಗೆ ಕಚೇರಿಯಿಂದ ಒಬ್ಬೊಬ್ಬರ ಡಬ್ಬಿಯ ಸಂಖ್ಯೆಗೂ ಒಂದೊಂದು ಚೀಟಿ ಬಂತು. ಯಮುನ ಲಕೋಟೆ ಒಡೆಯದೆ ತಂದು ಹಂಚಿದರು. ಓದಲು ಬರುವವರು ಓದಿದರು. ಹನ್ನೊಂದು ಚೀಟಿಯಲ್ಲೂ ಒಂದೇ ಮಾತು: ‘ನಿಮ್ಮ ದೈಹಿಕ ಚಟುವಟಿಕೆ ಸಾಲದು. ದಿನಕ್ಕೆ ಅರ್ಧ ಗಂಟೆ ನಡೆಯಿರಿ.’

ಜವರಿಗೆ ಐವತ್ತೆರಡು ವರ್ಷ. ಈ ತೋಟದಲ್ಲೇ ಹುಟ್ಟಿ, ಹನ್ನೆರಡನೆಯ ವಯಸ್ಸಿನಿಂದ ಕೊಯ್ಯುತ್ತಿರುವವರು. ಆ ಚೀಟಿಯನ್ನು ಮಗಳಿಂದ ಎರಡು ಸಲ ಓದಿಸಿ ಕೇಳಿದರು. ಮಾರನೆಯ ಬೆಳಿಗ್ಗೆ ಮಸ್ಟರಿನಲ್ಲಿ ಅದನ್ನು ಹಾಜರಿ ಬರೆಯುವ ರೈಟರ್ ಧರ್ಮೇಂದ್ರನ ಮೇಜಿನ ಮೇಲಿಟ್ಟು, "ಇವತ್ತು ನಾನು ಪಿಕ್ಕಿಂಗಿಗೆ ಇಲ್ಲ ರೈಟ್ರೇ. ಗೌರ್ಮೆಂಟು ವಾಕಿಂಗ್ ಹೋಗ್ಲಿಕ್ಕೆ ಹೇಳಿದೆ. ಹಾಜರಿ ಹಾಕಿ" ಎಂದರು. ಮಸ್ಟರಿಗೆ ಮಸ್ಟರೇ ನಕ್ಕಿತು. ಜವರಿ ನಗಲಿಲ್ಲ. ಯಮುನ ಎದುರು ಬಂದಾಗ ಮುಖ ತಿರುಗಿಸಿ ಹೋದರು. "ಅವ್ರು ಬೈದಿದ್ರೆ ನಂಗೆ ಇಷ್ಟು ಆಗ್ತಿರ್ಲಿಲ್ಲ" ಎನ್ನುತ್ತಾರೆ ಯಮುನ.

ಹನ್ನೆರಡನೆಯ ಚೀಟಿ ಮೊಣ್ಣಪ್ಪನವರದು. ‘ಉತ್ತಮ’ ಎಂದು ಬಂದಿತ್ತು. ಅರುವತ್ತಮೂರು ವರ್ಷದ ಮೊಣ್ಣಪ್ಪ ಹರೆಯದಲ್ಲಿ ಹಾಕಿ ಆಡಿದವರು. ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಗೆಳೆಯರಿಗೆಲ್ಲ ತೋರಿಸಿದ್ದರು. ಅವರು ತೋಟ ಸುತ್ತುವುದು ಅಪ್ಪನ ಕಾಲದ ಜೀಪಿನಲ್ಲಿ. ಯಮುನ ಅವರಿಗೆ ಅಲ್ಲಿ ಸಂಶಯ ಬಂತು. ಒಂದು ಡಬ್ಬಿ ಮಡಿಲಲ್ಲಿಟ್ಟುಕೊಂಡು ಅದೇ ಜೀಪಿನಲ್ಲಿ ಒಂದು ಸುತ್ತು ಹಾಕಿ ಬಂದರು. ಕಲ್ಲು ಗುಂಡಿಯ ದಾರಿ. ಇಳಿದು ನೋಡಿದರೆ, ಕೂತಲ್ಲೇ ಎರಡು ಸಾವಿರದ ನಾಲ್ಕುನೂರು ಹೆಜ್ಜೆ ನಡೆದಿದ್ದಾರೆ!

"ಹಾಗಾದ್ರೆ ಉತ್ತಮ ಅಂದದ್ದು ನಂಗಲ್ವಾ, ಜೀಪಿಗಾ?" ಮೊಣ್ಣಪ್ಪ ಕೇಳಿದರಂತೆ.

"ಜೀಪಿನ ಆರೋಗ್ಯ ಚೆನ್ನಾಗುಂಟು ಸಾರ್" ಎಂದು ಯಮುನ ಹೇಳಿದರಂತೆ.

ಮೈಸೂರಿನ ಮೇಲ್ವಿಚಾರಕ ಮಹದೇವಪ್ಪನವರಿಗೆ ಅಂದೇ ಫೋನು ಮಾಡಿದರು. ಮಹದೇವಪ್ಪ ಒಳ್ಳೆಯವರು, ಆದರೆ ನಿಯಮದವರು. "ಯಂತ್ರಕ್ಕೇನಮ್ಮ ಗೊತ್ತು, ಯಾರು ಸಾಹುಕಾರ್ರು ಯಾರು ಕೂಲಿ ಅಂತ? ನಡೆದ್ರೆ ಎಣಿಸುತ್ತೆ, ಕೂತ್ರೆ ಬಿಡುತ್ತೆ" ಎಂದರು.

"ಅದಕ್ಕೆ ಗೊತ್ತಿಲ್ಲ ಸರ್. ನಮ್ಗೆ ಗೊತ್ತುಂಟಲ್ಲ. ಹನ್ನೊಂದು ಜನದ್ದು ತೆಗ್ದು ನೋಡಿ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಗೆರೆ ಮಲಗಿದೆ. ಸಂತೆ ದಿನ ಮಾತ್ರ ಎದ್ದಿದೆ. ಪಿಕ್ಕಿಂಗ್ ಸೀಸನ್ನಿನಲ್ಲಿ ಹನ್ನೊಂದು ಜನ ಆರು ದಿನ ಒಟ್ಟಿಗೆ ಕಲ್ಲಿನ ಹಾಗೆ ಕೂತ್ರಾ ಸರ್?"

ಮಹದೇವಪ್ಪ ಹನ್ನೊಂದನ್ನೂ ತೆರೆದು ನೋಡಿದರು. ಕೊನೆಗೆ ಅವರು ಕೊಟ್ಟ ದಾರಿ ಒಂದೇ. ಇದ್ದ ಹಾಗೆ ಸೇರಿಸಿದರೆ ಸುಳ್ಳಾಗುತ್ತದೆ, ಆದ್ದರಿಂದ ತೆಗೆದುಹಾಕಬೇಕು. ಆದರೆ ತಿಂಗಳ ಕೊನೆಗೆ ಸುತ್ತು ಮುಗಿಯುವ ಮೊದಲು ಒಂದು ವಾರ ಕಟ್ಟುವಷ್ಟು ಸಮಯವಿದೆ. ಇನ್ನೊಮ್ಮೆ ಕಟ್ಟಲಿ. ಹನ್ನೆರಡರಲ್ಲಿ ಹತ್ತು ಪೂರ್ತಿ ಬರಲಿ. ಬಾರದಿದ್ದರೆ ಆ ಲೈನು ಪಟ್ಟಿಯಿಂದ ಹೋಗುತ್ತದೆ. ಮೂರನೆಯ ಸಲ ಇಲ್ಲ.

ಯಮುನ ಲೈನಿಗೆ ಬಂದು ಜವರಿಯ ಮನೆಯ ಮೆಟ್ಟಿಲ ಮೇಲೆ ಕೂತರು. ತಪ್ಪು ನನ್ನದು, ಜೋಪಾನ ಎಂದವಳು ನಾನು, ಇನ್ನೊಂದು ವಾರ ಕಟ್ಟಿಕೊಳ್ಳಿ ಎಂದು ಕೇಳಿದರು. ಆಗ ಇನ್ನೊಂದು ಸಂಗತಿ ಹೊರಗೆ ಬಂತು. ಮೊದಲ ಸಲ ಡಬ್ಬಿ ಕಟ್ಟಿದ ದಿನವೇ ಧರ್ಮೇಂದ್ರ, ‘ಇನ್ನು ಯಾರು ಮರದಡಿ ಕೂರ್ತೀರಿ ಅಂತ ನನ್ನ ಫೋನಿಗೆ ಬರ್ತದೆ’ ಎಂದು ತಮಾಷೆ ಮಾಡಿದ್ದ. ಲೈನಿನವರಿಗೆ ಅದು ತಮಾಷೆಯಾಗಿ ಕೇಳಿರಲಿಲ್ಲ.

"ಬೀಡಿ ಸೇದಿದ್ದು, ಉಚ್ಚೆಗೆ ಹೋದದ್ದು ಎಲ್ಲ ಸಾವ್ಕಾರ್ರಿಗೆ ಗೊತ್ತಾಗ್ಬೇಕಾ? ನಾವು ಎತ್ತಾ, ಗಂಟೆ ಕಟ್ಲಿಕ್ಕೆ?" ಜವರಿ ನೇರವಾಗಿ ಕೇಳಿದರು.

ಯಮುನ ಟ್ಯಾಬು ತೆರೆದು ತೋರಿಸಿದರು. ಹೆಸರಿಲ್ಲ, ಬರೀ ಸಂಖ್ಯೆ. ಧರ್ಮೇಂದ್ರನನ್ನು ಕರೆದು, ಅವನ ಫೋನಿಗೆ ಏನೂ ಬರುವುದಿಲ್ಲ ಎಂದು ಎಲ್ಲರೆದುರು ಅವನ ಬಾಯಿಂದಲೇ ಹೇಳಿಸಿದರು. ಜವರಿಗೆ ಅಷ್ಟು ಸಾಲಲಿಲ್ಲ. ಅವರದೊಂದು ಷರತ್ತು ಇತ್ತು. "ಸಾವ್ಕಾರ್ರಿಗೂ ನಮ್ಮ ಎದುರೇ ಕಟ್ಬೇಕು. ನಾವು ಕೆಲ್ಸದಲ್ಲಿ ಬಿಚ್ಚೋದಿಲ್ಲ. ಅವ್ರು ಜೀಪಲ್ಲಿ ಬಿಚ್ಬೇಕು."

ಎಲ್ಲಿ ಕಟ್ಟಬೇಕೆಂದು ಹೇಳಿಕೊಟ್ಟವರೂ ಜವರಿಯೇ. ಬೆಲ್ಟಿನ ಮೇಲೆ ಗೋಣಿ ಕಟ್ಟಿದರೆ ಒತ್ತುತ್ತದೆ, ಗೋಣಿಯ ಮೇಲೆ ಬೆಲ್ಟು ಕಟ್ಟಿದರೆ ಕೊಂಬೆಗೆ ಸಿಕ್ಕುತ್ತದೆ. ಆದರೆ ಹೆಂಗಸರ ಸೊಂಟದಲ್ಲಿ ಸದಾ ಇರುವುದೊಂದಿದೆ. ಎಲೆಅಡಿಕೆ ಸಂಚಿ. ಓಲೆ ಬಿಚ್ಚಿದರೂ ಸಂಚಿ ಬಿಚ್ಚುವುದಿಲ್ಲ. ಕೊಯ್ಯುವಾಗ, ಮೂಟೆ ಹೊರುವಾಗ, ಮಲಗುವಾಗಲೂ ಅದು ಅಲ್ಲೇ. "ಸಂಚಿಗೆ ಇನ್ನೊಂದು ಕಿಸೆ ಹೊಲಿ. ಸುಣ್ಣ ತಾಗ್ದ ಹಾಗೆ. ಅದ್ರಲ್ಲಿ ಹಾಕಿದ್ರೆ ಅದು ಸಾಮಾನಲ್ಲ, ನಮ್ದೇ" ಎಂದರಂತೆ.

ಒಂದು ಭಾನುವಾರ ಕೂತು ಯಮುನ ತಮ್ಮ ಹಳೆಯ ಹಸಿರು ಸೀರೆಯೊಂದನ್ನು ಕತ್ತರಿಸಿ ಎರಡೆರಡು ಕಿಸೆಯ ಹನ್ನೆರಡು ಸಂಚಿ ಹೊಲಿದರು. ಪುಟ್ಟನಂಥ ಗಂಡಸರಿಗೂ ಒಂದೊಂದು. ಮೊಣ್ಣಪ್ಪನವರಿಗೂ ಒಂದು. ಮಸ್ಟರಿನ ಅಂಗಳದಲ್ಲಿ ಸಾವ್ಕಾರ್ರ ಸೊಂಟಕ್ಕೆ ಹಸಿರು ಸಂಚಿ ಕಟ್ಟುವಾಗ ತುಳಸಿ, "ಸಾರ್, ಎಲೆ ಬೇಕಾದ್ರೆ ಕೇಳಿ, ಸಂಕೋಚ ಬೇಡ" ಎಂದಿದ್ದರು. ಅದು ನಡೆದು ಇಂದಿಗೆ ಏಳು ದಿನ.

ಈ ಬೆಳಗಿನ ಲೆಕ್ಕ ಚೆನ್ನಾಗಿಯೇ ಆರಂಭವಾಗುತ್ತದೆ. ಪುಟ್ಟ ಕೊಟ್ಟ ಡಬ್ಬಿಯನ್ನು ಟ್ಯಾಬಿಗೆ ತಾಗಿಸಿದರೆ ಏಳು ದಿನಕ್ಕೆ ಏಳು ಕಂಬ ಏಳುತ್ತವೆ. ಮರ ಹತ್ತಿ ಇಳಿದದ್ದೆಲ್ಲ ಬಂದಿದೆ. ಮುಂದಿನ ಎರಡೂ ಸರಿ. ನಾಲ್ಕನೆಯದು ತುಳಸಿಯದು. ಬುಧವಾರ, ಗುರುವಾರ ಎರಡೂ ಖಾಲಿ.

"ಸಂಚಿ ಕೊಳೆ ಆಗಿತ್ತು ಅಕ್ಕ. ತೊಳ್ದು ಹಾಕಿದೆ. ಒಣಗ್ಲಿಕ್ಕೆ ಎರಡು ದಿನ ಆಯ್ತು" ಎನ್ನುತ್ತಾರೆ ತುಳಸಿ. ಈಗ ಅವರ ದನಿಯಲ್ಲಿ ತಮಾಷೆ ಇಲ್ಲ.

"ಇರ್ಲಿ ಬಿಡು" ಎಂದು ಯಮುನ ಟ್ಯಾಬಿನಲ್ಲಿ ಗುರುತು ಹಾಕುತ್ತಾರೆ. ಐದನೆಯದು ಸರಿ. ಆರನೆಯದು ಗೊಬ್ಬರದ ಕೆಲಸದ ರಾಜು ಅವರದು. ಅವರು ಏಳು ದಿನವೂ ಕಟ್ಟಿದ್ದರು. ಡಬ್ಬಿಯ ಬ್ಯಾಟರಿ ಮೂರನೆಯ ದಿನಕ್ಕೆ ಸತ್ತಿದೆ. ಯಮುನ ಅದಕ್ಕೂ ಗುರುತು ಹಾಕುತ್ತಾರೆ. ಎರಡು ಹೋಯಿತು. ಇನ್ನು ಒಂದೂ ಹೋಗುವಂತಿಲ್ಲ.

ಏಳೂವರೆಗೆ ಮಸ್ಟರಿನ ಗಂಟೆ ಬಾರಿಸುವಾಗ ಬುತ್ತಿಯಲ್ಲಿ ಹತ್ತು ಡಬ್ಬಿಗಳಿವೆ. ಅದರಲ್ಲಿ ಎಂಟು ಪೂರ್ತಿ. ಮೊಣ್ಣಪ್ಪ ಗೇಟಿನ ಕಡೆಯಿಂದ ನಡೆದೇ ಬರುತ್ತಾರೆ, ಸ್ವಲ್ಪ ಏದುತ್ತ. ಜೀಪನ್ನು ಗೇಟಿನಲ್ಲೇ ಬಿಟ್ಟು ಬರುವುದು ಈ ವಾರದ ಅಭ್ಯಾಸ. ಅವರ ಡಬ್ಬಿಯೂ ಪೂರ್ತಿ ಇದೆ. ದಿನಕ್ಕೆ ಸರಾಸರಿ ನಾಲ್ಕು ಸಾವಿರದ ನೂರು ಹೆಜ್ಜೆ.

"ಹಾಗಂದ್ರೆ?" ಮೊಣ್ಣಪ್ಪ ಕೇಳುತ್ತಾರೆ.

"ಸಾಲದು ಸಾರ್."

"ಎಂಥ ಮಾರಾಯ್ತಿ! ಗೇಟಿನಿಂದ ನಡೆದ್ರೂ ಸಾಲದಾ?"

"ಗೇಟಿನಿಂದ ಬರುವಾಗ ಮಾತ್ರ ನಡೀತೀರಿ. ಹೋಗುವಾಗ ಧರ್ಮೇಂದ್ರನ ಬೈಕು."

ಧರ್ಮೇಂದ್ರ ಹಾಜರಿ ಪುಸ್ತಕದಿಂದ ತಲೆಯೆತ್ತುವುದಿಲ್ಲ. ಮೊಣ್ಣಪ್ಪ ಅವನನ್ನೊಮ್ಮೆ ನೋಡಿ, "ನಾಳೆಯಿಂದ ನೀನೂ ಬೈಕು ಗೇಟಲ್ಲಿಡು" ಎನ್ನುತ್ತಾರೆ.

ಒಂಬತ್ತಾಯಿತು. ಉಳಿದದ್ದು ಒಂದು, ಜವರಿಯದು. ಅವರು ಮಸ್ಟರಿಗೆ ಬಂದು, ಹೆಸರು ಹೇಳಿ, ಗೋಣಿ ಬಿಗಿದು ಕೆಳಗಿನ ಬ್ಲಾಕಿನ ಕಡೆಗೆ ಆಗಲೇ ಇಳಿಯುತ್ತಿದ್ದಾರೆ. ಯಮುನ ಕೂಗುತ್ತಾರೆ. ಜವರಿ ತಿರುಗದೆ ಕೈ ಆಡಿಸುತ್ತಾರೆ: "ಕಟ್ಟಿದ್ದು ಎಂಟು ಗಂಟೆಗೆ. ಏಳು ದಿನ ಅಂದ್ರೆ ಏಳು ದಿನ. ಎಂಟಾಗ್ಲಿ, ಕೊಡ್ತೇನೆ."

ಯಮುನ ಟ್ಯಾಬು ಚೀಲಕ್ಕೆ ಹಾಕಿ ಹಿಂದೆಯೇ ಇಳಿಯುತ್ತಾರೆ. ಕೆಳಗಿನ ಬ್ಲಾಕು ಒಂದು ಕಿಲೋಮೀಟರಿನ ಇಳಿಜಾರು. ಕೊನೆಯ ಸುತ್ತಿನ ಕೊಯ್ಲು. ಹಣ್ಣು ಗಿಡದ ತುದಿಯಲ್ಲೂ ಬುಡದಲ್ಲೂ ಅಲ್ಲಲ್ಲಿ ಉಳಿದಿದೆ, ಆದ್ದರಿಂದ ಬಾಗುವುದು, ಎಟುಕುವುದು ಜಾಸ್ತಿ. ಜವರಿ ಒಂದು ಗಿಡದ ಸುತ್ತ ಹೋಗುವ ರೀತಿ ಹೀಗೆ: ಎಡಗೈಯಿಂದ ಕೊಂಬೆ ಬಗ್ಗಿಸಿ ಮೊಣಕೈಯಲ್ಲಿ ಒತ್ತಿ ಹಿಡಿದು, ಎರಡು ಬೆರಳಿನಲ್ಲಿ ಹಣ್ಣು ಉರುಳಿಸಿ, ಬುಡಕ್ಕೆ ಕೂತು ಉದುರಿದ್ದನ್ನು ಹೆಕ್ಕಿ, ಮೊಣಕಾಲಿಗೆ ಕೈಯೂರಿ ಎದ್ದು, ಮುಂದಿನ ಗಿಡ. ಎಂಟು ಗಂಟೆಯಾಗುವಷ್ಟರಲ್ಲಿ ಆರು ಗಿಡ ಮುಗಿಯುತ್ತದೆ. ಸಂಜೆಯ ಹೊತ್ತಿಗೆ ಎಪ್ಪತ್ತು ಎಂಬತ್ತು ಕಿಲೋ ಹಣ್ಣನ್ನು ಇದೇ ಏರಿನಲ್ಲಿ ರಸ್ತೆಗೆ ಹೊತ್ತು ತರಬೇಕು. ಯಮುನ ಮಾತಾಡದೆ ಒಂದು ಬಂಡೆಯ ಬದಿಯಲ್ಲಿ ಕಾಯುತ್ತಾರೆ, ಬಿದ್ದ ಹಣ್ಣು ಕಂಡರೆ ಹೆಕ್ಕಿ ಜವರಿಯ ಗೋಣಿಗೆ ಹಾಕುತ್ತಾರೆ.

"ಎಷ್ಟಾಯ್ತು?"

"ಎಂಟು ಎರಡು."

"ಎರಡು ನಿಮಿಷ ನನ್ದು ಜಾಸ್ತಿ. ಬರ್ಕೋ." ಜವರಿ ಸಂಚಿ ಬಿಚ್ಚಿ, ಮೊದಲು ಒಂದು ಎಲೆ ತೆಗೆದು ಬಾಯಿಗಿಟ್ಟುಕೊಂಡು, ಆಮೇಲೆ ಡಬ್ಬಿ ಕೊಡುತ್ತಾರೆ.

ಟ್ಯಾಬು ಯೋಚಿಸುತ್ತದೆ. ಯಮುನ ಅದರ ಮೇಲೆ ಬಿಸಿಲು ಬೀಳದಂತೆ ಸೆರಗು ಹಿಡಿದಿದ್ದಾರೆ. ಒಂದು ಕಂಬ ಏಳುತ್ತದೆ. ಎರಡು. ಮೂರು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಹಿಂದಿನ ಸಲ ಮಲಗಿದ್ದ ಗೆರೆ ಈಗ ಹಲ್ಲು ಹಲ್ಲಾಗಿ ಎದ್ದು ನಿಂತಿದೆ. ನಾಲ್ಕು, ಐದು. ಆರನೆಯದು ಮೋಟು, ಭಾನುವಾರದ್ದು. ಏಳು. ದಿನಕ್ಕೆ ಹನ್ನೊಂದು ಸಾವಿರದ ಆರುನೂರು ಹೆಜ್ಜೆ. ಮೈಬಗ್ಗಿಸಿದ್ದು ಐದು ಗಂಟೆ ನಲವತ್ತು ನಿಮಿಷ.

"ಭಾನುವಾರ ಕಮ್ಮಿ ಉಂಟು" ಎನ್ನುತ್ತಾರೆ ಯಮುನ. "ಆದ್ರೆ ಖಾಲಿ ಇಲ್ಲ. ನಡೀತದೆ."

"ಸಂತೆಗೆ ಜೀಪಲ್ಲಿ ಹೋದೆ. ಜೀಪು ಹತ್ತುವಾಗ ನಾನೂ ಬಿಚ್ಚಿಟ್ಟೆ. ಸಾವ್ಕಾರ್ರಿಗೆ ಒಂದು, ನಂಗೆ ಒಂದು ಅಂತ ಉಂಟಾ?"

ಯಮುನ ಟ್ಯಾಬನ್ನು ಅವರ ಕಡೆ ತಿರುಗಿಸಿ ಕಂಬಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸುತ್ತಾರೆ. ಇದು ಮಂಗಳವಾರ, ಇದು ಮೂಟೆ ಹೊತ್ತದ್ದು, ಇದು ನೀರು ತಂದದ್ದು. ಜವರಿ ಕತ್ತು ಬಾಗಿಸಿ ನೋಡುತ್ತಾರೆ. ಇನ್ನು ಅವರ ಚೀಟಿಯಲ್ಲಿ ನಡೆಯಿರಿ ಎಂದು ಬರೆಯುವುದಿಲ್ಲ; ಮೊಣಕಾಲಿಗೆ ಏನು ಮಾಡಬೇಕು, ನಡುವೆ ಎಷ್ಟು ಹೊತ್ತು ಕೂರಬೇಕು ಎಂದು ಆರೋಗ್ಯ ಉಪಕೇಂದ್ರದ ಸಿಸ್ಟರ್ ಬಂದು ಹೇಳುತ್ತಾರೆ ಎಂದು ಯಮುನ ವಿವರಿಸುತ್ತಾರೆ. "ಕೂರ್ಲಿಕ್ಕೆ ಹೇಳ್ತಾರಾ? ಅದನ್ನು ಧರ್ಮೇಂದ್ರನ ಎದುರು ಹೇಳ್ಲಿ" ಎಂದು ಜವರಿ ಏಳನೆಯ ಗಿಡಕ್ಕೆ ಕೈ ಹಾಕುತ್ತಾರೆ.

ಕೆಳಗೆ ಸಿಗ್ನಲ್ ಇಲ್ಲ. ಮೇಲೆ ರಸ್ತೆಗೆ ಹತ್ತಿ ಬಂದ ಮೇಲೆ ಹತ್ತೂ ಡಬ್ಬಿಗಳ ಲೆಕ್ಕ ಮೈಸೂರಿಗೆ ಹೋಗುತ್ತದೆ. ಹದಿನೈದು ನಿಮಿಷಕ್ಕೆ ಮಹದೇವಪ್ಪನವರ ಫೋನು. "ಹತ್ತು ಬಂತಮ್ಮ. ಲೈನು ಸೇರಿಸಿದ್ದೀನಿ. ಅದೇನು, ಎಲ್ಲರದ್ದೂ ರಾತ್ರಿ ಮಲಗಿದಾಗ್ಲೂ ಕಟ್ಟಿದ ಹಾಗಿದೆಯಲ್ಲ? ಎಲ್ಲೂ ಹಿಂಗೆ ಬಂದಿಲ್ಲ." ಸಂಚಿಯ ಕಥೆ ಕೇಳಿ ಅವರು ಅದರ ಅಳತೆ ಬರೆದು ಕಳಿಸಲು ಹೇಳುತ್ತಾರೆ, ಬೇರೆ ಜಿಲ್ಲೆಗಳಿಗೂ ಬೇಕಂತೆ. ಹಿಂದೆಯೇ ಗಂಡ ಕುಶಾಲಪ್ಪನವರ ಫೋನು, ಏನಾಯ್ತೆಂದು ಅರೆಭಾಷೆಯಲ್ಲಿ. "ಎಂಥ ಆತ್?" "ಆತ್" ಎನ್ನುತ್ತಾರೆ ಯಮುನ. ಅಷ್ಟೇ ಮಾತು.

ಮಡಿಕೇರಿಯ ಬಸ್ಸಿಗೆ ಇನ್ನೂ ಹೊತ್ತಿದೆ. ಮೋರಿಯ ಕಟ್ಟೆಯ ಮೇಲೆ ಕೂತು ಯಮುನ ಟ್ಯಾಬಿನಲ್ಲಿ ಕೊನೆಯ ಪುಟ ತೆರೆಯುತ್ತಾರೆ. ‘ಕ್ಷೇತ್ರ ಸಿಬ್ಬಂದಿಯ ಅಭಿಪ್ರಾಯ’ ಎಂಬ ಖಾಲಿ ಜಾಗ. ಹೆಚ್ಚಿನವರು ಅಲ್ಲಿ ‘ಏನೂ ಇಲ್ಲ’ ಎಂದು ಬರೆಯುತ್ತಾರಂತೆ. ಯಮುನ ಬೆರಳಿನಿಂದ ನಿಧಾನವಾಗಿ ಒತ್ತುತ್ತ ಬರೆಯುತ್ತಾರೆ: ಇದೇ ಲೈನಿಗೆ ಇದೇ ಹನ್ನೆರಡು ಜನರಿಗೆ ಮಳೆಗಾಲದ ಆಟಿ ತಿಂಗಳಿನಲ್ಲಿ ಇನ್ನೊಮ್ಮೆ ಕಟ್ಟಬೇಕು.

"ಇದು ಅರ್ಧ ಮಾತ್ರ ಆದದ್ದು" ಎನ್ನುತ್ತಾರೆ. "ಜುಲೈ ಆಗಸ್ಟಿನಲ್ಲಿ ಮಳೆ ಹಿಡಿದ್ರೆ ಇವ್ರಿಗೆ ವಾರಗಟ್ಟಲೆ ಕೆಲ್ಸ ಇಲ್ಲ. ಒಲೆ ಮುಂದೆ ಕೂತದ್ದು ಕೂತದ್ದೇ. ಕಾಲು ಹಿಡಿಯೋದು, ಸಕ್ಕರೆ ಏರೋದು ಎಲ್ಲ ಆವಾಗ. ಅದನ್ನೂ ನೋಡ್ಬೇಕು. ನೋಡಿದ್ರೆ ಮಳೆಯಲ್ಲೂ ನಡೆಯುವ ಹಾಗೆ ಅಲ್ಲೊಂದು ಶೆಡ್ಡು, ಒಂದು ಚಾವಡಿ, ಎಂಥಾದ್ರೂ ಕೇಳ್ಬಹುದು. ನನ್ನನ್ನೇ ಕಳಿಸ್ಲಿ ಅಂತ ಬರ್ದಿದ್ದೇನೆ."

ಮಳೆಗಾಲದಲ್ಲಿ ಆ ಇಳಿಜಾರು ಹೇಗಿರುತ್ತದೆಂದು ಗೊತ್ತಿದ್ದೂ ಏಕೆ ನೀವೇ ಎಂದು ಕೇಳಿದರೆ ಯಮುನ ಟ್ಯಾಬು ಮುಚ್ಚಿ ಚೀಲದ ಜಿಪ್ಪು ಎಳೆಯುತ್ತಾರೆ.

"ಬೇರೆಯವ್ರು ಬಂದು ಅವ್ರು ಕೂತದ್ದು ಮಾತ್ರ ಬರೆದ್ರೆ ಸೋಮಾರಿಗಳು ಅಂತ ಆಗ್ತದೆ. ಅವ್ರು ನಡೆದದ್ದು ಬರೆದವ್ಳು ನಾನು. ಕೂತದ್ದನ್ನೂ ನಾನೇ ಬರೆದ್ರೆ, ಹಾಗೆ ಹೇಳ್ಲಿಕ್ಕೆ ಯಾರಿಗೂ ಬಾಯಿ ಬರೋದಿಲ್ಲ."